ಹಣೆಪಟ್ಟಿಗೆ ಇಟ್ಟ ಕುಂಕುಮ

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಪದಗಳೂ ನನ್ನ ಬಳಿ ಹೆಚ್ಚಿಲ್ಲ. ಓದುವವರು ಕ್ಷಮಿಸಬೇಕು. ಆದರೆ ಜಾಗ್ರತೆಯ ವಿಷಯಕ್ಕೆ ಬಂದರೆ ನಾನು ಇಡೀ ಮಾಕಳಿ ಊರಿಗೇ ಮಹಾರಾಣಿ! ಹದಿನೇಳು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಲೋಟವೂ ಜಾರಿಲ್ಲ. ಜಾರಿದ್ದು ಕಾಲೇಜು ಮಾತ್ರ. ತರಗತಿಯಲ್ಲಿ ಎದ್ದು ನಿಂತು ಮಾತನಾಡಬೇಕೆಂದರೆ ಬೆಂಚಿನಡಿ ಪೆನ್ನು ಹುಡುಕುತ್ತಾ ಕೂರುತ್ತಿದ್ದೆ. ಪಿಯುಸಿ ಅರ್ಧಕ್ಕೇ ಬಿಟ್ಟೆ.

ನಮ್ಮ ಅಂಬರೀಶಣ್ಣ ಈಚೆಗೆ ಲೇಸರ್ ಆಟದ ಸೆಟ್ಟೊಂದನ್ನು ತಂದಿದ್ದಾನೆ. ಬಂದೂಕಿನಿಂದ ಬೆಳಕು ಬಿಟ್ಟು ಎದುರಿನವರ ಹಣೆಪಟ್ಟಿಯ ಗಾಜಿಗೆ ತಾಗಿಸಬೇಕು. ಆಟಗಾರರ ಹೆಸರು ಬರೆದಿಟ್ಟರೆ ಕಂಪ್ಯೂಟರ್ ಅದನ್ನು ಹಿಡಿದು "ಈಸ್ ರೆಡಿ!" ಎಂದೂ, ಬೆಳಕು ತಾಗಿದರೆ "ಔಟ್!" ಎಂದೂ ಕೂಗುತ್ತದೆ. ಹುಟ್ಟುಹಬ್ಬಗಳಿಗೆ ಮನೆಮನೆಗೆ ಒಯ್ದು ಆಡಿಸುವುದು ಅಣ್ಣನ ಯೋಜನೆ.

"ವೇಣಿ, ಕಂಪ್ಯೂಟರ್ ನೀನ್ ನೋಡ್ಕೋ. ನೀನೇನೂ ಮಾತಾಡ್ಬೇಕಿಲ್ಲ, ಅದೇ ಕೂಗತ್ತೆ. ನಾಳೆ ಮೊದಲ್ನೇ ಆಟ. ಸರಿಯಾಗಿ ನಡೆದ್ರೆ ಕೆಲಸ ನಿಂದೇ. ಎಡವಟ್ಟಾದ್ರೆ ಬೇರೆಯವರನ್ನ ಹುಡುಕ್ತೀನಿ ಕಣೇ."

ಬಾಯಿ ತೆರೆಯದೆ ಮಾಡಬಹುದಾದ ಕೆಲಸ! ಪ್ರಾಣ ಹೋದರೂ ಬಿಡುವುದಿಲ್ಲವೆಂದು ಪಣ ತೊಟ್ಟೆ.

ಅಂದು ಆಯುಧಪೂಜೆ. ಬೈಕಿಗೆ, ಸ್ಪ್ಯಾನರಿಗೆ ಪೂಜೆಯಾಗುವಾಗ ಬಂದೂಕುಗಳನ್ನು ಬಿಡುವುದುಂಟೇ? ಎಂಟಕ್ಕೂ ಹೂವು ಮುಡಿಸಿದೆ. ಕುಂಕುಮವನ್ನು ಹಣೆಪಟ್ಟಿಗಲ್ಲದೆ ಇನ್ನೆಲ್ಲಿಗೆ ಇಡುವುದು? ಅದರ ನಟ್ಟನಡುವೆ ದುಂಡಗಿನ ಗಾಜು, ಬೊಟ್ಟಿಗೆಂದೇ ಮಾಡಿಟ್ಟ ಹಾಗೆ. ಉದುರಬಾರದೆಂದು ಎಣ್ಣೆಯಲ್ಲಿ ಕಲಸಿ ದಪ್ಪಗೆ ಇಟ್ಟೆ.

"ಸಕ್ಕತ್ತಾಗಿದೆ!" ಎಂದ ಅಣ್ಣ.

ಮರುದಿನ ತುಮಕೂರು ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ವೀರೇಶ್ ಸಾರ್ ಮಗಳು ಸ್ಫೂರ್ತಿಯ ಹುಟ್ಟುಹಬ್ಬ. ಎಂಟು ಮಕ್ಕಳು ಸೋಫಾ ಹಿಂದೆ, ಪರದೆ ಹಿಂದೆ ಅಡಗಿ ಘೋರ ಯುದ್ಧ ಹೂಡಿದರು. ಹತ್ತು ನಿಮಿಷವಾಯಿತು. ಒಬ್ಬರೂ ಸಾಯಲಿಲ್ಲ!

"ಅಂಕಲ್, ಮೂಗಿನ್ ಹತ್ರಾನೇ ನಿಂತು ಹೊಡೆದೆ! ಇವ್ನು ಸಾಯ್ತಾನೇ ಇಲ್ಲ!" ಎಂದು ಸ್ಫೂರ್ತಿ ಅಳುಮುಖ ಮಾಡಿದಳು.

ಅಣ್ಣ ಬ್ಯಾಟರಿ ಬದಲಿಸಿದ, ವೈಫೈ ಬದಲಿಸಿದ, ಕೊನೆಗೆ ನನ್ನ ಕಡೆ ನೋಡಿದ. "ಏನ್ ಮುಟ್ಟಿದ್ಯೇ?"

ನನಗೆ ಅಷ್ಟರಲ್ಲಿ ಹೊಳೆದಿತ್ತು. ಹೇಳಲು ಬಾಯಿ ತೆರೆದೆ. ಇಪ್ಪತ್ತು ಜನರ ಮುಂದೆ ಬಾಯಿಂದ ಬರೀ ಗಾಳಿ ಬಂತು. ಆಗ ಒಂದು ಮಹಾ ಉಪಾಯ ತೋಚಿತು. ಆಟಗಾರರ ಹೆಸರು ಬರೆಯುವ ಜಾಗದಲ್ಲಿ ಹೇಳಬೇಕಾದ್ದನ್ನು ಬರೆದು ಬಟನ್ ಒತ್ತಿದೆ. ಸ್ಪೀಕರ್ ಗುಡುಗಿತು:

"ಕುಂಕುಮ ಒರೆಸಿ ಈಸ್ ರೆಡಿ!"

"ಯಾರ್ರೀ ಅದು, ಹೊಸಾ ಪ್ಲೇಯರಾ?" ಎಂದು ವೀರೇಶ್ ಸಾರ್ ಬಾಗಿಲ ಕಡೆ ತಿರುಗಿದರು.

ಅವರ ತಾಯಿ ಮಹಾಂತಮ್ಮನವರು ಕುರ್ಚಿಯಿಂದ ಎದ್ದೇಬಿಟ್ಟರು. "ಹಬ್ಬದ ದಿನ, ಮುತ್ತೈದೇರು ಕುಂತಾರ, ಕುಂಕುಮ ಒರೆಸು ಅಂತೈತಲ್ಲ! ಏನ್ ಮಾತಿದು? ಏ ತಮ್ಮಾ, ಮೊದ್ಲು ಆ ಡಬ್ಬಿ ತಗೊಂಡು ಹೊರಗ ನಡಿ!"

ಅಣ್ಣ ವೈರು ಕೀಳತೊಡಗಿದ. ಅವನ ಮೊದಲ ಆಟ, ನನ್ನ ಕೆಲಸ, ಎರಡೂ ಆ ವೈರಿನ ಜೊತೆಗೇ ಹೊರಟಿದ್ದವು. ನಾನು ಎದ್ದು ನಿಂತೆ.

"ಅಜ್ಜಿ... ಡಬ್ಬಿ ಹೇಳಿದ್ದಲ್ಲ. ನಾನೇ. ಪೂಜೆಗೆ ಅಂತ ಆ ಗಾಜಿಗೆ ಕುಂಕುಮ ಇಟ್ಬಿಟ್ಟಿದ್ದೀನಿ. ಅದಕ್ಕೇ ಬೆಳಕು ಒಳಗೆ ಹೋಗ್ತಿಲ್ಲ. ತಪ್ಪಾಯ್ತು."

ಮಹಾಂತಮ್ಮನವರು ಒಂದು ಹಣೆಪಟ್ಟಿಯನ್ನು ಕೈಗೆ ತೆಗೆದುಕೊಂಡು ಗಾಜನ್ನು ಉಗುರಿನಿಂದ ಕೆರೆದು ನೋಡಿದರು.

"ಒರೆಸೂದು ಅನ್ನಬಾರ್ದವ್ವಾ, ಜಾಗ ಬದಲು ಮಾಡೂದು ಅನಬೇಕು," ಎಂದು ಸೆರಗಿನಿಂದ ಗಾಜು ಉಜ್ಜಿ, ಪಟ್ಟಿಯ ಬಟ್ಟೆಗೆ ಹೊಸ ಬೊಟ್ಟು ಇಟ್ಟರು. ಎಂಟಕ್ಕೂ ಇಟ್ಟರು. ಐದೇ ನಿಮಿಷದಲ್ಲಿ ಮಕ್ಕಳೆಲ್ಲ ಸಂತೋಷವಾಗಿ ಸತ್ತರು!

ಹೊರಡುವಾಗ ಅವರು ನನ್ನ ಗಲ್ಲ ಹಿಡಿದರು. "ಅಲ್ಲವ್ವಾ, ಬಾಯಾಗ ಹೇಳಿದ್ರ ಮುಗೀತಿತ್ತು. ಅದಕ್ಕ ಕಂಪ್ಯೂಟರ್ ಯಾಕ ಬೇಕಾತು?"

ಅಣ್ಣ ಕಂಪ್ಯೂಟರನ್ನು ಮತ್ತೆ ನನ್ನ ಕೈಗೇ ಕೊಟ್ಟ.

ಮುಂದಿನ ಭಾನುವಾರ ಮಾದನಾಯಕನಹಳ್ಳಿಯಲ್ಲಿ ಆಟವಿದೆ. ಆಟದ ನಿಯಮಗಳನ್ನು ಎಲ್ಲರ ಮುಂದೆ ನಿಂತು ನಾನೇ ಹೇಳುತ್ತೇನೆ.