ಹಿಂದಿನ ಪುಟ

ಬೆಳಿಗ್ಗೆ ಹತ್ತರವರೆಗೆ ಮುಖ್ಯೋಪಾಧ್ಯಾಯರ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಹತ್ತಕ್ಕೆ ಗುಮಾಸ್ತ ಬಂದು, ಸೇವಾ ಕಡತಕ್ಕೆ ಅವರ ದೀಕ್ಷಾಸ್ನಾನದ ದಾಖಲೆ ಬೇಕೆಂದ. ಅವರು ಪಕ್ಕದ ಆಂಗ್ಲಿಕನ್ ಚರ್ಚಿನ ಪಾದ್ರಿಯೂ ಆಗಿದ್ದರಿಂದ ರಿಜಿಸ್ಟರು ಚರ್ಚಿನಲ್ಲಿ ಅವರ ಬೀರುವಿನಲ್ಲೇ ಇತ್ತು. ತರಿಸಿ ಹುಡುಕಿದರು. ಹೆಸರು ಅವರದೇ, ತಂದೆತಾಯಿ ಅವರೇ. ಹುಟ್ಟಿದ ವರ್ಷ ಮಾತ್ರ ಎರಡು ಹಿಂದೆ. ಅಂದರೆ ನಿವೃತ್ತಿಯ ಐವತ್ತೆಂಟು ಆಗಲೇ ತುಂಬಿತ್ತು.

"ಇಲಿ ತಿಂದಿದೆ ಅಂತ ಬರೆದುಬಿಡ್ತೀನಿ ಅಯ್ಯನವರೇ," ಎಂದ ಗುಮಾಸ್ತ.

ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಡ್ರಾಯಿಂಗ್ ಮೇಷ್ಟ್ರು ಒಳಗೇ ಬಂದರು. "ಸ್ಕೂಲಿಗೆ ಸೇರಿಸುವಾಗ ನಿಮ್ಮಪ್ಪ ಕಮ್ಮಿ ಬರೆಸಿರ್ತಾರೆ. ಯಾರು ಬರೆಸಿಲ್ಲ? ದಾಖಲೆ ಪ್ರಕಾರ ನಾನು ನನ್ನ ತಮ್ಮನಿಗಿಂತ ಚಿಕ್ಕವನು!"

"ವಯಸ್ಸು ಸರಿಯಿಲ್ಲ ಅಂತ ಎಷ್ಟು ಮಕ್ಕಳನ್ನ ವಾಪಸ್ ಕಳಿಸಿದೀನಿ ಗೊತ್ತೇನಯ್ಯಾ?"

ಭಾನುವಾರದ ಆರಾಧನೆ ಬಿಟ್ಟರೆ ಮುಖ್ಯೋಪಾಧ್ಯಾಯರಿಗೆ ಶಾಲೆಯೇ ಬದುಕು. ಆದರೂ ವಯಸ್ಸಿನ ತಪ್ಪು ಒಪ್ಪಿ ರಾಜೀನಾಮೆ ಬರೆದು, ಶಾಲೆ ನಡೆಸುವ ಬಿಷಪ್ಪರ ಎದುರು ರಸ್ತೆಯ ಕಚೇರಿಗೆ ಕಳಿಸಿದರು. ಪರೀಕ್ಷೆಯ ಕೋಣೆಗೆ ಹೋಗಿ, ಮೂವತ್ತು ವರ್ಷದಿಂದ ಹೇಳಿದ್ದನ್ನೇ ಹೇಳಿದರು: "ಪುಟ ತಿರುಗಿಸಿ. ಹಿಂದೆಯೂ ಪ್ರಶ್ನೆ ಇದೆ."

ಮಧ್ಯಾಹ್ನ ಮನೆಯಲ್ಲಿ ವಿಷಯ ಕೇಳಿ ಅಕ್ಕ ತಲೆ ಚಚ್ಚಿಕೊಂಡಳು. "ಅದು ನೀನಲ್ಲ ಕಣೋ ಮಂಕೇ! ನಿನಗಿಂತ ಮುಂಚೆ ಒಬ್ಬ ಹುಟ್ಟಿದ್ದ. ಹನ್ನೊಂದೇ ದಿನ ಇದ್ದ. ಇಟ್ಟ ಹೆಸರನ್ನ ಯಾರೂ ಬಾಯಿತುಂಬ ಕೂಗಲಿಲ್ಲವಲ್ಲ ಅಂತ ಅಮ್ಮ ಅದನ್ನೇ ನಿನಗಿಟ್ಟಳು."

"ನನಗ್ಯಾಕೆ ಹೇಳಲಿಲ್ಲ?"

"ರಿಜಿಸ್ಟರ್ ನೋಡಿದೆ, ಬದುಕಿರೋ ಅಕ್ಕನ್ನ ಕೇಳಿದ್ಯಾ?"

ಅವರು ಚರ್ಚಿಗೆ ಓಡಿ ರಿಜಿಸ್ಟರು ತೆಗೆದರು. ಸಣ್ಣ ಚರ್ಚು, ವರ್ಷಕ್ಕೆ ನಾಲ್ಕೈದೇ ಹೆಸರು. ಪುಟ ತಿರುಗಿಸಿದರೆ ಹಿಂಬದಿಯಲ್ಲೇ ಮತ್ತೆ ಅದೇ ಹೆಸರು, ಸರಿಯಾದ ವರ್ಷ. ಅವರು ಮೊದಲಿನ ಪುಟಕ್ಕೆ ಮರಳಿ, ಹನ್ನೊಂದು ದಿನದ ಅಣ್ಣನ ಹೆಸರಿನ ಮೇಲೆ ಬೆರಳಿಟ್ಟರು.

ಶಾಲೆಯಲ್ಲಿ ಅವರ ಕುರ್ಚಿಯ ಮೇಲೆ ಉಪ ಮುಖ್ಯೋಪಾಧ್ಯಾಯರು ಆಗಲೇ ಹೇಗಿದೆಯೆಂದು ಕೂತು ನೋಡುತ್ತಿದ್ದರು. ಗುಮಾಸ್ತ ರಾಜೀನಾಮೆ ಪತ್ರ ಚಾಚಿದ.

"ಸದ್ಯ, ವಾಪಸ್ ಬಂತಲ್ಲ!" ಎಂದರು ಮುಖ್ಯೋಪಾಧ್ಯಾಯರು.

"ಪುಟ ತಿರುಗಿಸಿ ಅಯ್ಯನವರೇ."

ಹಿಂದೆ ಬಿಷಪ್ಪರ ನೀಲಿ ಶಾಯಿ: 'ಒಪ್ಪಿದೆ. ಇಂಥ ಪ್ರಾಮಾಣಿಕತೆ ಅಪರೂಪ. ಈ ಪತ್ರವನ್ನು ಭಾನುವಾರ ಎಲ್ಲ ಚರ್ಚುಗಳಲ್ಲೂ ಓದತಕ್ಕದ್ದು.'

"ನಮ್ಮ ಚರ್ಚಲ್ಲಿ ಯಾರು ಓದೋದು?"

"ನೀವೇ. ಪಾದ್ರಿಗಳ ನಿವೃತ್ತಿ ಎಪ್ಪತ್ತಕ್ಕಲ್ವಾ?"