ಬೇಡವೆಂದರೂ ಬಿಡದ ಭಾಷಾಂತರ

ದೇವರ ಸೇವೆ ಮಾಡುವವನಿಗೆ ದೀನಭಾವ ಇರಬೇಕಂತೆ. ನನಗಿಲ್ಲ. ಇದ್ದಿದ್ದರೆ ಸಭೆಯ ಹಿರಿಯರು ‘ಇನ್ನು ಸಾಕು’ ಎಂದಾಗಲೇ ತಲೆಬಾಗಿ ಮನೆಗೆ ಬರುತ್ತಿದ್ದೆ. ವಾರವೆಲ್ಲ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾದ ಧೂಳು ಕುಡಿಯುವ ನಾನು, ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ರಾಂಪುರದ ನಮ್ಮ ಸಣ್ಣ ಸಭೆಗೆ ಹೋಗುತ್ತೇನೆ. ನಮ್ಮ ಪಾಸ್ಟರ್ ಆಂಧ್ರದವರು, ತೆಲುಗಿನಲ್ಲಿ ಪ್ರಸಂಗ ಮಾಡುತ್ತಾರೆ. ಪಕ್ಕದಲ್ಲಿ ನಿಂತು ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುವುದು ಹನ್ನೊಂದು ವರ್ಷದಿಂದ ನನ್ನ ಸೇವೆ. ಒಂದೇ ತೊಡಕು. ಗಡಿ ಸೀಮೆ ನೋಡಿ, ಕೂತವರಿಗೆಲ್ಲ ತೆಲುಗು ಚೆನ್ನಾಗಿ ಬರುತ್ತದೆ. ಪಾಸ್ಟರ್ ನಗೆಮಾತು ಹೇಳಿದರೆ ಎಲ್ಲರೂ ಆಗಲೇ ನಕ್ಕು ಮುಗಿಸಿರುತ್ತಾರೆ. ನಾನು ಅದನ್ನೇ ಕನ್ನಡದಲ್ಲಿ ಹೇಳುವಾಗ ಮಾರ್ಥಮ್ಮಜ್ಜಿ ಒಬ್ಬಳು ಮಾತ್ರ, ನನ್ನ ಮೇಲಿನ ಕನಿಕರಕ್ಕೆ, ಇನ್ನೊಮ್ಮೆ ನಗುತ್ತಾಳೆ.

ಹೋದ ತಿಂಗಳು ಹಿರಿಯರಾದ ಸಮುವೇಲಪ್ಪನವರು ನನ್ನನ್ನು ಹೊರಗೆ ಬೇವಿನ ಮರದಡಿಗೆ ಕರೆದರು. “ಬ್ಯಾಸರ ಮಾಡ್ಕಬ್ಯಾಡಪ್ಪ ಪ್ರಸಾದ. ಒಂದೇ ಪ್ರಸಂಗ ಎರಡೆರಡು ಸಲ ಕೇಳಾಕೆ ಜನಕ್ಕೆ ಕಷ್ಟ ಆಗ್ತೈತೆ. ಮನೆಗೋಗಿ ಮುದ್ದೆ ಮಾಡ್ಬೇಕು ಅಂತಾರೆ ಹೆಣ್ಮಕ್ಳು.”

“ತೆಲುಗು ಬರ್ತೈತೆ ಅಂತ ದೇವರ ಮಾತು ಕನ್ನಡದಾಗೆ ಬ್ಯಾಡವೇನ್ರಿ?” ಎಂದೆ. ಎಂಥ ಘನವಾದ ಪ್ರಶ್ನೆ ಕೇಳಿದೆ ಎಂದು ನನಗೇ ಹೆಮ್ಮೆಯಾಯಿತು.

“ಬ್ಯಾಡ ಅಂದೋರ್ಯಾರು? ಪಾಸ್ಟರು ಒಂದು ಮಾತು ಹೇಳಿದ್ರೆ ನೀನು ನಾಕು ಹೇಳ್ತೀಯ.”

ಅದು ಸುಳ್ಳಲ್ಲ. ಪಾಸ್ಟರ್ ಬಿತ್ತನೆಯ ವಿಷಯ ಎತ್ತಿದರೆ ನಾನು ಶೇಂಗಾದ ತಳಿ, ಗೊಬ್ಬರ, ಕಾಡುಹಂದಿಯ ಕಾಟ ಎಲ್ಲವನ್ನೂ ಸೇರಿಸುತ್ತೇನೆ. ಆದರೂ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅಳುವೇ ಬಂತು. ನನಗೆ ಹಾಡಲು ಬರುವುದಿಲ್ಲ, ತಬಲಾ ಬಾರಿಸಲು ಬರುವುದಿಲ್ಲ, ಚಾಪೆ ಹಾಸಲು ನನಗಿಂತ ಚುರುಕಾದವರಿದ್ದಾರೆ. ಇದೊಂದನ್ನೂ ಕಿತ್ತುಕೊಂಡರೆ ಸಭೆಗೆ ನನ್ನಿಂದ ಏನಾಯಿತು? “ಆಗ್ಲಿ ಬಿಡ್ರಿ, ಮುಂದಿನ ಸಾಲಾಗೇ ಕೂತು ಕೇಳ್ತೀನಿ,” ಎಂದು ಸವಾಲು ಹಾಕಿದೆ. ನಾನಿಲ್ಲದೆ ಪ್ರಸಂಗ ಹೇಗೆ ಕುಂಟುತ್ತದೆಂದು ಕಣ್ಣಾರೆ ನೋಡಬೇಕಿತ್ತು.

ಕುಂಟಲಿಲ್ಲ. ಅಂದರೆ, ಕುಂಟಲಿಲ್ಲವಂತೆ. ಮರುವಾರ ಪಾಸ್ಟರ್ ಬೈಬಲ್ ತೆರೆದದ್ದು ನೆನಪಿದೆ. ಆಮೇಲೆ ನೆನಪಿರುವುದು ಸಮುವೇಲಪ್ಪನವರ ಮೊಣಕೈ ನನ್ನ ಪಕ್ಕೆಗೆ ತಿವಿದದ್ದು, ಇಡೀ ಸಭೆ ನಗುತ್ತಿದ್ದದ್ದು. ಮಾರ್ಥಮ್ಮಜ್ಜಿಯಂತೂ ಈ ಸಲ ಕನಿಕರಕ್ಕೆ ನಗುತ್ತಿರಲಿಲ್ಲ. ಪಾಸ್ಟರ್ ಪ್ರಸಂಗ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ನನ್ನ ಗೊರಕೆ ಮುಗಿಯಲೆಂದು ಕಾದಿದ್ದರಂತೆ.

“ಏಳಪ್ಪ, ಹೋಗಿ ಅಲ್ಲೇ ನಿಂತ್ಕ,” ಎಂದರು ಸಮುವೇಲಪ್ಪನವರು. “ನಿನ್ನ ಗೊರಕೆಗಿಂತ ನಿನ್ನ ಕನ್ನಡಾನೇ ವಾಸಿ.”

ನಿಂತೆ. ಎದೆಯುಬ್ಬಿಸಿಕೊಂಡೇ ನಿಂತೆ. ಇಂದಿಗೂ ನಿಲ್ಲುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಕನ್ನಡ ಪ್ರಸಂಗ ಯಾರಿಗೆ ಬೇಕು ಎಂದು ಈಗ ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷ ಊರಿಗೆಲ್ಲ ದೇವರ ಮಾತು ತಲುಪಿಸುತ್ತಿದ್ದೇನೆ ಎಂದು ಬೀಗಿದ್ದೆ. ತಲುಪಿದ್ದು ಒಬ್ಬನಿಗೆ ಮಾತ್ರ. ಅವನನ್ನೂ ಎದ್ದು ನಿಲ್ಲಿಸಿಯೇ ಹೇಳಬೇಕು, ಕೂತರೆ ಮಲಗುತ್ತಾನೆ.