ಸೆವೆಂತ್‌ಗೆ ನಾಲ್ಕನೆಯ ದಾರಿ

ಇಂಥ ಸಣ್ಣ ಸಂಗತಿಯನ್ನು ಕತೆ ಮಾಡಿ ಹೇಳಲು ಹೊರಟಿದ್ದಕ್ಕೆ ಓದುಗರು ಕ್ಷಮಿಸಬೇಕು; ಸಂಗೀತ ಬಲ್ಲವರು ಇನ್ನೊಂದಿಷ್ಟು ಹೆಚ್ಚಾಗಿಯೇ ಕ್ಷಮಿಸಬೇಕು.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಗಿಟಾರಪ್ಪನಿಗೆ ಆ ಅಡ್ಡಹೆಸರು ಬಂದದ್ದು ಅವನ ಬಾಯಿಂದಲೇ. ಸಂಜೆಯ ಗಿಟಾರ್ ತರಗತಿಗೆ ಸೇರಿದ ಮೊದಲ ವಾರವೇ, "ಅಕ್ಕಾ, ನಿಮ್ಮ ಬೀಳ್ಕೊಡುಗೆ ದಿನ ನೀವು ಹಾಡಿ, ನಾನು ನುಡಿಸ್ತೀನಿ" ಎಂದುಬಿಟ್ಟಿದ್ದ. ಅಕ್ಕ ಎಂದರೆ ಅವನಿಗೆ ಕೆಲಸ ಕಲಿಸಿದ, ಅಂಗಡಿಯ ಹಿರಿಯಾಕೆ. ಆ ದಿನ ಬಂದೇಬಿಟ್ಟಿತ್ತು.

ಹಾಡಿನ ನಡುನಡುವೆ ಸೆವೆಂತ್ ಎಂಬ ಕಾರ್ಡ್ ಬರುತ್ತಿತ್ತು. ತಂತಿಗಳನ್ನು ಒಟ್ಟಿಗೆ ಒತ್ತಿ ಮೀಟುವ ಈ ಸ್ವರಗುಚ್ಛಕ್ಕೆ ಗಿಟಾರ್ ಮೇಡಂ ಮೂರು ದಾರಿ ತೋರಿಸಿದ್ದರು: ಬೆರಳುಗಳನ್ನು ಜೇಡನ ಕಾಲಿನಂತೆ ಹರಡುವುದು, ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸುವುದು, ಇಲ್ಲವೇ ಮೂರೇ ತಂತಿ ಹಿಡಿದು ಉಳಿದವನ್ನು ಬಿಟ್ಟುಬಿಡುವುದು. ಯಾವುದನ್ನು ಹಿಡಿದರೂ ಅವನ ಗಿಟಾರು ಸೀನು ತಡೆದುಕೊಂಡವರ ಹಾಗೆ ಸದ್ದು ಮಾಡುತ್ತಿತ್ತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಸ್ಟೀಲ್ ಸ್ಕೇಲನ್ನೇ ಗಿಟಾರು ಮಾಡಿಕೊಂಡು ಮೇಜಿನ ಕೆಳಗೆ ಅಭ್ಯಾಸಕ್ಕೆ ಕೂತ. ಕ್ಯಾಷಿಯರಮ್ಮ ಬಗ್ಗಿ ನೋಡಿದರು.

"ಅಯ್ಯೋ, ಬೆರಳೆಲ್ಲ ಯಾಕೋ ಸೊಟ್ಟಗಾಗಿವೆ?"

"ಏನಿಲ್ಲಮ್ಮ..."

"ಏನಿಲ್ವಂತೆ! ಮುಖ ನೋಡು, ಬೆವರು ಕಿತ್ಕೊಂಡು ಬರ್ತಿದೆ. ನರ ಹಿಡ್ಕೊಂಡಿದೆ!"

ನುಡಿಸಲು ಬರುವುದಿಲ್ಲ ಎಂದು ಒಪ್ಪಿಕೊಳ್ಳಲು ಅದೇ ಸಮಯ. ಆದರೆ ಅವನು ಕೈ ಒತ್ತಿಕೊಳ್ಳುತ್ತ, "ಹೂಂ... ಸ್ವಲ್ಪ ನೋವು" ಎಂದ.

ಅಂಗಡಿ ಯಜಮಾನರು ಮುಲಾಮು ಹಚ್ಚಿದರು. ಕ್ಯಾಷಿಯರಮ್ಮ ಅದೇ ಸ್ಕೇಲನ್ನು ಎಡ ಅಂಗೈಗೆ ಆಸರೆಯಿಟ್ಟು, ಅದರ ತುದಿ ಹೊರಗೆ ಚಾಚಿಕೊಂಡಿರುವಂತೆ ಬಟ್ಟೆ ಸುತ್ತಿದರು. ಗಿಟಾರಪ್ಪ ನರಳುತ್ತಲೇ ಒಳಗೊಳಗೆ ಕುಣಿದ. ಬದುಕಿದೆ!

ಸಂಜೆ ಅಕ್ಕ ಆ ಕೈ ನೋಡಿದರು. "ಹೋಗ್ಲಿ ಬಿಡಪ್ಪ, ಹಾಡೇನು ಮಹಾ" ಎಂದು ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅವನ ಕುಣಿತ ನಿಂತಿತು.

ಅಷ್ಟರಲ್ಲಿ ಅವನು ನುಡಿಸಲೆಂದು ಗಿಟಾರು ಹೊತ್ತು ಮೇಡಂ ಬಂದರು. ಕಟ್ಟು ಹಾಕಿದ ಕೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಕೂತು ಗಿಟಾರಿನ ತಂತಿ ಬಿಗಿಯುವ ಬಿರಟೆಗಳನ್ನು ತಿರುವಿದರು.

"ನಾಲ್ಕನೇ ದಾರಿ ಒಂದಿದೆ. ತಂತಿಗಳನ್ನೇ ಸೆವೆಂತ್‌ಗೆ ಹೊಂದಿಸಿದ್ದೀನಿ. ಬೆರಳು ಒತ್ತೋದೇ ಬೇಡ, ಬಲಗೈಲಿ ಸುಮ್ನೆ ಮೀಟಿ. ಬೇರೆ ಕಾರ್ಡ್ ಬಂದಾಗ ನಾನು ಹೇಳಿದ ಕಡೆ ಆ ಸ್ಕೇಲ್ ಅಡ್ಡ ಒತ್ತಿ."

ಹಾಡು ಸಾಗಿಯೇಬಿಟ್ಟಿತು. ಅಕ್ಕನ ದನಿ ಎಲ್ಲೂ ತಡವರಿಸಲಿಲ್ಲ. ಮುಗಿದ ಮೇಲೆ ಅವನ ಕೈಯನ್ನು ಮಗುವಿನಂತೆ ಎತ್ತಿಕೊಂಡು, "ಇಷ್ಟು ನೋವಲ್ಲೂ ನನಗೋಸ್ಕರ..." ಎಂದು ಅತ್ತರು. ಅವನು ನೆಲದಲ್ಲಿ ಬಿರುಕು ಹುಡುಕಿದ.

"ಕಟ್ಟು ಹಾಕಿದ ಕೈಲೇ ಹಿಂಗೆ! ಇನ್ನು ವಾಸಿಯಾದ್ಮೇಲೆ?" ಯಜಮಾನರು ಅವನ ಬೆನ್ನು ತಟ್ಟಿದರು. "ಮುಂದಿನ ತಿಂಗಳು ಹೊಸ ಅಂಗಡಿ ತೆಗೀತೀವಲ್ಲ, ಅವತ್ತು ನೀನೊಬ್ಬನೇ ಒಂದು ಗಂಟೆ ನುಡಿಸಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಮೇಡಂ. ಅವರಿಗೆ ನಿಜ ಗೊತ್ತಾಗಿತ್ತೇ? ಗಿಟಾರಪ್ಪನಿಗೆ ಕೇಳುವ ಧೈರ್ಯವಿಲ್ಲ. ಹಾಗಾಗಿ ಈ ಕತೆ ಹೇಳುವವರಿಗೂ ತಿಳಿಯದು.